ಗೋಡೆಯ ಮೇಲಿನ ನಾಲ್ಕು ಉಂಗುರ

“ಕಣ್ಣು ಮುಚ್ಚಿ ಇಪ್ಪತ್ತು ಎಣಿಸ್ರಿ ಅಕ್ಕಾರ. ಆಮ್ಯಾಲೆ ತೆಗೀರಿ,” ಎಂದ ಲಾಲಸಾಬ್.

ನಾನು ಹನ್ನೆರಡಕ್ಕೇ ತೆಗೆದೆ. ಮೂವತ್ತನಾಲ್ಕು ವರ್ಷ ಪೊಲೀಸ್ ಇಲಾಖೆಯಲ್ಲಿ ಕಳೆದವಳಿಗೆ ಯಾರಾದರೂ ಕಣ್ಣು ಮುಚ್ಚು ಅಂದರೆ ಮೈ ಉರಿಯುತ್ತದೆ. ಸಬ್ ಇನ್ಸ್‌ಪೆಕ್ಟರ್ ದಾಕ್ಷಾಯಣಮ್ಮ ಬರೀ ದಾಕ್ಷಾಯಣಮ್ಮ ಆಗಿ, ಪಾರ್ವತಿನಗರದ ಮನೆಯಲ್ಲಿ ಕೂತು ಎರಡು ವರ್ಷವಾದರೂ ಆ ಚಾಳಿ ಬಿಟ್ಟಿಲ್ಲ.

“ನೀವು ಎಣಿಸಲೇ ಇಲ್ಲ,” ಎಂದ. ಕತ್ತಲಲ್ಲೂ ಅವನಿಗೆ ಗೊತ್ತಾಗಿತ್ತು.

“ಎಣಿಸೀನಿ. ನೀ ತೋರ್ಸು ಮೊದಲು.”

ಹೊರಗೆ ಶುಕ್ರವಾರ ಬೆಳಗಿನ ಹತ್ತು ಗಂಟೆಯ ಬಿಸಿಲು. ಬಳ್ಳಾರಿಯ ಕೌಲ್ ಬಜಾರಿನ ಆ ಓಣಿಯಲ್ಲಿ ಜೀನ್ಸ್ ಮಾರುವ ಆಟೋ ಒಂದು ಮೈಕು ಹಚ್ಚಿಕೊಂಡು “ಬರ್ರಿ ಬರ್ರಿ, ಬಳ್ಳಾರಿ ಜೀನ್ಸು, ಒಗದ್ರ ಬಣ್ಣ ಬಿಡಂಗಿಲ್ಲ” ಎಂದು ಒದರುತ್ತ ಓಡಾಡುತ್ತಿತ್ತು. ಒಳಗೆ ಮಾತ್ರ ಕಗ್ಗತ್ತಲು. ಲಾಲಸಾಬ್ ಬಾಗಿಲಿಗೂ ಕಿಟಕಿಗೂ ಜೀನ್ಸಿನ ದಪ್ಪ ಕರಿ ಬಟ್ಟೆ ಇಳಿಬಿಟ್ಟಿದ್ದ. ಟಾರ್ಚು ರಿಪೇರಿ ಮಾಡುವವನಿಗೆ ಹಗಲಲ್ಲೂ ಕತ್ತಲು ಬೇಕು.

ಹಿಂದಿನದು ಒಂದೇ ಮಾತಿನಲ್ಲಿ: ಸಿರುಗುಪ್ಪದ ರೈಸ್ ಮಿಲ್ಲಿನ ಮಾಲೀಕರು ಚಿದಾನಂದಪ್ಪ ತಮ್ಮದೇ ಗೋದಾಮಿನಲ್ಲಿ ಮೂಟೆಗಳ ಅಟ್ಟಿಯ ಮೇಲಿಂದ ಬಿದ್ದು ಸತ್ತು ಇಪ್ಪತ್ತೊಂದು ದಿನ, ಅವರ ಫೋನು ಇವತ್ತಿಗೂ ಸಿಕ್ಕಿಲ್ಲ, ತಳ್ಳಿದವನು ಕಾವಲುಗಾರ ತಿಪ್ಪೇಶನೇ ಎಂದು ಅವನನ್ನು ಬಳ್ಳಾರಿ ಜೈಲಿಗೆ ಹಾಕಿದ್ದಾರೆ, ಸೋಮವಾರ ಅವನ ಜಾಮೀನಿನ ವಿಚಾರಣೆ.

ಅವನ ವಿರುದ್ಧ ಇದ್ದದ್ದು ಒಂಬತ್ತು ಸೆಕೆಂಡಿನ ವಿಡಿಯೋ. ಅಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಗೋದಾಮಿನ ಶಟರ್ ಇಳಿದಿತ್ತು. ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಕ್ಯಾಮೆರಾಕ್ಕೆ ಕಂಡದ್ದು ಸುಣ್ಣದ ಗೋಡೆಯ ಮೇಲೆ ಓಡಾಡಿದ ಒಂದು ಟಾರ್ಚಿನ ಬೆಳಕು ಮಾತ್ರ. ಮುಖ ಇಲ್ಲ, ಕೈ ಇಲ್ಲ. ಆಮೇಲೆ ಧಡ್ ಎಂಬ ಸದ್ದು. ಹತ್ತು ನಿಮಿಷಕ್ಕೆ ಹಮಾಲರು ಓಡಿಬಂದಾಗ ಹೆಣದ ಪಕ್ಕದಲ್ಲಿ ತಿಪ್ಪೇಶ ನಿಂತಿದ್ದ, ಕೈಯಲ್ಲಿ ಹತ್ತಿಸಿದ ಟಾರ್ಚು ಇತ್ತು. ಅವರೇ ಅವನನ್ನು ಹಿಡಿದು ಕೂರಿಸಿ ಪೊಲೀಸರಿಗೆ ಒಪ್ಪಿಸಿದರು.

ವಿಡಿಯೋದಲ್ಲಿನ ಬೆಳಕಿನ ನಡುವೆ ಒಂದು ಕಪ್ಪು ತೂತು, ಅದರ ಸುತ್ತ ಹಸಿರು ಛಾಯೆಯ ಬಳೆ. ತಿಪ್ಪೇಶನ ಕೈಯಲ್ಲಿ ಸಿಕ್ಕ ಟಾರ್ಚಿಗೂ ಅದೇ ತೂತು, ಅದೇ ಬಳೆ. ವರದಿಯಲ್ಲಿ ‘ಹೊಂದುತ್ತದೆ’ ಎಂದು ಬರೆದರು. ಅಷ್ಟಕ್ಕೆ ಅವನ ಜೀವನ ಮುಗಿಯಿತು.

ಲಾಲಸಾಬ್ ಎರಡು ಟಾರ್ಚು ಹತ್ತಿಸಿ ಗೋಡೆಗೆ ಹಿಡಿದ. ನಮ್ಮ ಕಡೆ ಟಾರ್ಚಿಗೂ ಬ್ಯಾಟ್ರಿ ಎಂದೇ ಅನ್ನುವುದು.

“ಇದು ಸಂತಿ ಬ್ಯಾಟ್ರಿ. ಇದರ ಕನ್ನಡಿ ಒಳಗ ಉರುಟುರುಟು ಇರ್ತೈತಿ. ಬೆಳಕೆಲ್ಲಾ ಕಲಸಿ ಬೀಳ್ತೈತಿ, ತಪ್ಪಿದ್ರೂ ಕಾಣಂಗಿಲ್ಲ. ಇದು ನೋಡ್ರಿ, ತುಟ್ಟಿ ಮಾಲು. ಕನ್ನಡಿ ಭಾಳ ನುಣುಪು, ಅದಕ್ಕ ಅರ್ಧ ಮೈಲಿ ದೂರ ಹೊಡಿತೈತಿ. ಆದ್ರ ಒಳಗಿನ ಎಲ್‌ಇಡಿ ಒಂದು ಕೂದಲೆಳಿ ಕೆಳಗ ಕುಂತ್ರ ಸಾಕು, ನಡುವ ತೂತು ಬೀಳ್ತೈತಿ.”

“ಅಂದ್ರ ತುಟ್ಟಿ ಬ್ಯಾಟ್ರಿಗೇ ರೋಗ ಜಾಸ್ತಿ.”

“ದೊಡ್ಡ ಮಂದಿಗೂ ಹಂಗ ಅಲ್ಲೇನ್ರಿ?” ಎಂದು ನಕ್ಕ.

ನಾನು ಫೋನಿನಲ್ಲಿ ವಿಡಿಯೋ ಹಚ್ಚಿ ಅವನ ಮುಂದೆ ಹಿಡಿದೆ. ತಿಪ್ಪೇಶನ ಪರವಾಗಿ ಹುಡುಕಿಕೊಡಿ ಎಂದು ಅವನ ವಕೀಲರು ನನಗೆ ಕೊಟ್ಟ ನಕಲು. ಬೆಳಕಿನ ಬಲಗಡೆ ಕೆಳಗೆ, ಗಡಿಯಾರದಲ್ಲಿ ನಾಲ್ಕು ಇರುವ ಕಡೆ, ರೊಟ್ಟಿಯನ್ನು ಒಂದು ತುತ್ತು ಕಚ್ಚಿದ ಹಾಗೆ ಅಂಚು ಹೋಗಿತ್ತು. ತನಿಖೆಯವರು ಅದನ್ನು ಮೂಟೆಯ ನೆರಳು ಎಂದು ಬಿಟ್ಟಿದ್ದರು. ನಿಜ ಹೇಳಬೇಕೆಂದರೆ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಲಾಲಸಾಬ್ ಮೂರು ಸಲ ನೋಡಿದ. ಅವನ ನಗು ನಿಂತಿತು.

“ಯಾ ಅಲ್ಲಾ. ಯಾರ್ರೀ ಇದನ್ನ ನೆರಳು ಅಂದಾಂವ? ಬೆಳಕು ಓಡಾಡಿದಂಗ ಕಚ್ಚೂ ಸಂಗಾಟ ಓಡಾಡ್ತೈತಿ ನೋಡ್ರಿ. ಮೂಟಿ ನೆರಳಾಗಿದ್ರ ಮೂಟಿ ಇದ್ದಲ್ಲೇ ನಿಂದರ್ತಿತ್ತು. ಇದು ಬ್ಯಾಟ್ರಿ ಒಳಗಿನ ಐಬು.”

ನನಗೆ ನನ್ನ ತಲೆಯ ಮೇಲೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಇಪ್ಪತ್ತು ಸಲ ನೋಡಿದ್ದೆ ಆ ವಿಡಿಯೋ.

“ಎಲ್‌ಇಡಿ ನಡುವ ಕುಂದ್ರಲಿ ಅಂತ ಅದರ ಸುತ್ತ ಒಂದು ಬಿಳಿ ಪ್ಲಾಸ್ಟಿಕ್ ಬಳಿ ಇರ್ತೈತ್ರಿ,” ಎಂದ ಲಾಲಸಾಬ್. “ಅದು ಕಾವಿಗೆ ಒಂದು ಕಡಿ ಕರಗಿ ಹಳದಿಯಾಗಿ ಸೊಟ್ಟಾದ್ರ ಹಿಂಗ ಅಂಚು ಕಚ್ಚತೈತಿ. ಮತ್ತ ಅಕ್ಕಾರ… ಈ ಕಚ್ಚು ನಾ ನೋಡೀನಿ.”

ಅವನು ಬಲ್ಬು ಹಾಕಿದ. ಟಾರ್ಚು ಹಿಡಿಯುವ ಆ ಗೋಡೆಯನ್ನು ನಾನು ಬಂದಾಗಿನಿಂದ ಸರಿಯಾಗಿ ನೋಡಿಯೇ ಇರಲಿಲ್ಲ. ಸುಣ್ಣದ ಮೇಲೆ ಪೆನ್ಸಿಲ್ಲಿನಲ್ಲಿ ನೂರಾರು ಉಂಗುರಗಳು. ದೊಡ್ಡವು, ಸಣ್ಣವು, ಮೊಟ್ಟೆಯಂತೆ ಉದ್ದಾದವು, ನಡುವೆ ಚುಕ್ಕೆ ಇದ್ದವು. ಪ್ರತಿಯೊಂದರ ಕೆಳಗೆ ತಾರೀಖು ಮತ್ತು ಟಾರ್ಚಿನ ಮೈಮೇಲೆ ಕೆತ್ತಿದ ನಂಬರಿನ ಕೊನೆಯ ಮೂರು ಅಂಕಿ.

“ಬಿಚ್ಚೂಕಿಂತ ಮೊದಲು ಬೆಳಕು ಹೆಂಗ ಬೀಳ್ತೈತಿ ಅಂತ ಹಿಂಗ ಗೀಚಿ ಇಟ್ಕಂತೀನ್ರಿ. ಇಲ್ಲಾಂದ್ರ ಗಿರಾಕಿ, ಮೊದಲು ಛಲೋ ಇತ್ತು, ನೀನಾ ಕೆಡಿಸೀದಿ ಅಂತ ಜಗಳಕ್ಕ ಬರ್ತಾನ.”

ಅವನ ಬೆರಳು ಗೋಡೆಯ ಎಡಮೂಲೆಗೆ ಹೋಯಿತು. ಆಗಸ್ಟ್ ತಿಂಗಳ ತಾರೀಖು. ಒಂದೇ ಸಾಲಿನಲ್ಲಿ ನಾಲ್ಕು ಉಂಗುರ. 412. 413. 415. 417. ನಾಲ್ಕಕ್ಕೂ ನಡುವೆ ತೂತು. ಆದರೆ ಕೊನೆಯ ಉಂಗುರಕ್ಕೆ ಮಾತ್ರ ಬಲಗಡೆ ಕೆಳಗೆ ಒಂದು ಕಚ್ಚು.

ನಾನು ಫೋನನ್ನು ಅದರ ಪಕ್ಕ ಹಿಡಿದೆ. ತೂತಿನ ಅಳತೆ, ಕಚ್ಚಿನ ಜಾಗ, ಅದರ ವಾರೆ, ಎಲ್ಲಾ ಅದೇ. ಇಪ್ಪತ್ತೊಂದು ದಿನದಲ್ಲಿ ಮೊದಲ ಬಾರಿ ಖುಷಿಯಾಗಿತ್ತು.

“ಇವನ್ನ ತಂದಾಂವ ಯಾರು?”

“ಮಿಲ್ಲಿನ ಮ್ಯಾನೇಜರ್ ಜಂಬುನಾಥ ಸಾಹೇಬ್ರು. ಚೀಲದಾಗ ನಾಲ್ಕೂ ಹಾಕ್ಕೊಂಡು ಬಂದಿದ್ರು. ನಾ ಗೀಚುವಾಗ ಇಲ್ಲೇ ನಿಂತು, ಏನಲೇ ರಂಗೋಲಿ ಹಾಕಾಕತ್ತೀದಿ ಅಂತ ನಕ್ರು. ಆಮ್ಯಾಲೆ, ಮಾರಿದಾಂವ ಇದು ಐಬಲ್ಲ, ಈ ಮಾಲಿನ ಗುಣಾನೇ ಹಿಂಗ ಅಂತ ಹೇಳ್ಯಾನ, ರಿಪೇರಿ ಬ್ಯಾಡ ಅಂದು ವಾಪಸ್ ಒಯ್ದ್ರು. ಅವತ್ತಿಂದ ನಾ ಅವನ್ನ ನೋಡಿಲ್ರಿ.”

ಚಿದಾನಂದಪ್ಪ ಆ ನಾಲ್ಕು ಫಾರಿನ್ ಟಾರ್ಚು ತರಿಸಿ, ಒಂದು ತಮಗೆ ಇಟ್ಟುಕೊಂಡು, ಉಳಿದವನ್ನು ಒಡಹುಟ್ಟಿದ ತಮ್ಮ ದೊಡ್ಡಬಸವರಾಜನಿಗೆ, ಮ್ಯಾನೇಜರ್ ಜಂಬುನಾಥನಿಗೆ, ತಿಪ್ಪೇಶನಿಗೆ ಕೊಟ್ಟಿದ್ದರು. ಕಾವಲುಗಾರನಿಗೂ ಸಾವ್ಕಾರನಿಗೂ ಒಂದೇ ಟಾರ್ಚು ಎಂದು ಸಿರುಗುಪ್ಪದಲ್ಲಿ ಆಡಿಕೊಂಡಿದ್ದರಂತೆ.

ನಾನು ಚೀಲದಿಂದ ಪಂಚನಾಮೆಯ ನಕಲು ತೆಗೆದು ಓದಿದೆ. ತಿಪ್ಪೇಶನ ಕೈಯಿಂದ ಅಲ್ಲೇ, ಹಮಾಲರೆದುರಿಗೇ ಜಪ್ತಿ ಮಾಡಿ ಮೊಹರು ಹಾಕಿದ ಟಾರ್ಚು 412. ಸತ್ತವರ ಜೇಬಿನಲ್ಲಿದ್ದದ್ದು 413. ಜಂಬುನಾಥ ತೋರಿಸಿದ್ದು 415.

ವಿಡಿಯೋದಲ್ಲಿರುವ ಬೆಳಕು 417ರದು. ತಿಪ್ಪೇಶನ ಕೈಯಲ್ಲಿದ್ದದ್ದು 412. ಅಲ್ಲಿಗೆ ಅವನು ಬಚಾವ್! 412ಕ್ಕೆ ಕಚ್ಚಿಲ್ಲ ಎಂದಷ್ಟೇ ಹೇಳಿದರೆ ಅವರು ಮತ್ತೆ ನೆರಳಿನ ಕಥೆಯನ್ನೇ ಹೇಳುತ್ತಾರೆ; ಈ ಗೋಡೆ ಮತ್ತು ಈ ಕಾಗದ, ಎರಡನ್ನೂ ಸೋಮವಾರ ವಕೀಲರು ನ್ಯಾಯಾಧೀಶರ ಮುಂದಿಟ್ಟರೆ ಸಾಕು.

ಆಗ ಬಾಗಿಲ ಬಟ್ಟೆ ಸರಿಸಿಕೊಂಡು ಗಂಗಕ್ಕ ಒಳಗೆ ಬಂದಳು.

ಗಂಗಕ್ಕ ತಿಪ್ಪೇಶನ ಅಕ್ಕ. ಕರೂರಿನಲ್ಲಿ ಭತ್ತ ಕೊಯ್ಯುವ ಕೂಲಿ ಬಿಟ್ಟು, ಸಿರುಗುಪ್ಪದ ಬಸ್ಸು ಹಿಡಿದು, ಅಲ್ಲಿಂದ ಬಳ್ಳಾರಿಗೆ ಬಂದಿದ್ದಳು. ತಾಯಿ ಸತ್ತ ಮೇಲೆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಟಾರ್ಚಿಗೆ ಸಂಬಂಧಪಟ್ಟದ್ದು ಏನಿದ್ದರೂ ಹಿಡಿದುಕೊಂಡು ಬಾ ಎಂದು ಫೋನಿನಲ್ಲಿ ಹೇಳಿದ್ದೆ.

“ಬ್ಯಾಟ್ರಿ ಬಂದಿದ್ದ ಡಬ್ಬಿ ಇದೊಂದು ಐತ್ರಿ ಅಮ್ಮಾರ. ಭಾಳ ಗಟ್ಟಿ ಡಬ್ಬಿ ಅಂತ ಬಿಸಾಕಿರಲಿಲ್ಲ. ರೇಶನ್ ಕಾರ್ಡು, ಬಿಪಿ ಗುಳಿಗಿ ಇದರಾಗ ಇಡ್ತೀನಿ.”

ಕರಿ ರಟ್ಟಿನ ಡಬ್ಬಿ. ತಿರುಗಿಸಿ ನೋಡಿದೆ. ಚೀಟಿಯ ಮೇಲಿನ ನಂಬರು 417ಕ್ಕೆ ಮುಗಿಯುತ್ತಿತ್ತು.

ಅಂದರೆ ಚಿದಾನಂದಪ್ಪನವರು ಮೊದಲು ತಿಪ್ಪೇಶನಿಗೆ ಕೊಟ್ಟ ಟಾರ್ಚೇ ಆ ಕಚ್ಚಿನ ಟಾರ್ಚು.

“ಗಂಗವ್ವಾ, ತಿಪ್ಪೇಶನ ಬ್ಯಾಟ್ರಿ ಯಾವತ್ತರ ಬದಲಾಗಿತ್ತೇನು?”

ಅವಳು ಯೋಚಿಸಿದಳು. “ಆಯುಧ ಪೂಜಿ ದಿನ ಮಿಲ್ಲಿನಾಗ ಎಲ್ಲಾ ಪೂಜಿಗೆ ಇಟ್ಟಿದ್ರಂತ್ರಿ. ತಕ್ಕಡಿ, ನಟ್ಟು ಬಿಚ್ಚೋ ಪಾನಾ, ಬ್ಯಾಟ್ರಿ, ಎಲ್ಲಾ. ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡದ ಮ್ಯಾಲೆ ಚಿಕ್ಕ ಸಾವ್ಕಾರ್ರು ಮೊದಲು ಒಂದು ತಗೊಂಡ್ರಂತ. ಆಮ್ಯಾಲೆ ಉಳಿದವ್ರು. ನಮ್ಮಾಂವ ಕಡೀಕ ಉಳಿದಿದ್ದು ತಗೊಂಡ. ಇದರ ಗುಂಡಿ ಬಿರುಸೈತಿ, ನನ್ನದಲ್ಲ ಅನಸ್ತೈತಿ ಅಂತಿದ್ದ. ಸಾವ್ಕಾರ್ರ ಕೈಯಾಗಿಂದ ಹೆಂಗ ಕೇಳಾದ್ರಿ?”

ಹಾಗೆ ಬನ್ನಿ ದಾರಿಗೆ. ಒಂದೇ ತರಹದ ನಾಲ್ಕು ಟಾರ್ಚು, ನಾಲ್ಕಕ್ಕೂ ಮೈತುಂಬ ವಿಭೂತಿ. ಮೊದಲು ಕೈ ಹಾಕಿದವನು ಚಿಕ್ಕ ಸಾವ್ಕಾರ, ಅಂದರೆ ದೊಡ್ಡಬಸವರಾಜ. ಉಳಿದ ಮೂರರ ಲೆಕ್ಕ ಪಂಚನಾಮೆಯಲ್ಲಿದೆ. ಅಂದಮೇಲೆ 417 ಅವನ ಹತ್ತಿರವೇ ಇರಬೇಕು. ಕುರುಗೋಡಿನಲ್ಲಿರುವ ಅವನ ಟಾರ್ಚನ್ನು ಯಾರೂ ಕೇಳಿಯೇ ಇರಲಿಲ್ಲ. ಅಣ್ಣ ಸತ್ತ ಮೇಲೆ ಮಿಲ್ಲು ಅವನ ಪಾಲಿಗೆ ಬಂದಿತ್ತು.

ನಾನು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಗಂಗಕ್ಕ ಗೋಡೆಯನ್ನೇ ನೋಡುತ್ತಿದ್ದಳು. ಅವಳಿಗೆ ಅಕ್ಷರ ಬರುವುದಿಲ್ಲ, ಆದರೆ ಬಸ್ಸಿನ ಬೋರ್ಡು ನೋಡಿ ನೋಡಿ ಅಂಕಿ ಬರುತ್ತಿತ್ತು. ಕಚ್ಚಿದ ಉಂಗುರದ ಕೆಳಗಿನ ನಂಬರು ನೋಡಿದಳು. ಡಬ್ಬಿಯ ಮೇಲಿನ ನಂಬರು ನೋಡಿದಳು.

“ಅಮ್ಮಾರ, ಈ ಗೋಡಿ ಮ್ಯಾಲಿಂದು, ಈ ಡಬ್ಬಿ ಮ್ಯಾಲಿಂದು ಒಂದಾ ನಂಬರು ಐತಿ. ಅದ್ಯಾಕ್ರಿ?”

“ಎಲ್ಲಾ ಆಮ್ಯಾಲೆ ಹೇಳ್ತೀನಿ. ನೀ ಈಗ ಸುಮ್ನ ಇಲ್ಲೇ ಕುಂದ್ರು, ನಾ ಬರೋಮಟ,” ಎಂದು ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಲಾಲಸಾಬ್ ಕೇಳಿದ, “ಗೋಡಿದೊಂದು ಫೋಟೋ ಹೊಡ್ಕಂತೀರೇನು ಅಕ್ಕಾರ?”

“ಫೋನಿನಾಗ ಹೊಡದ್ರ ಅವ್ರ ವಕೀಲ ನಾವಾ ಗೀಚಿ ಹೊಡದೀವಿ ಅಂತಾನ. ಸಂಜಿಕ ವಕೀಲರನ್ನ, ಇಬ್ರು ಪಂಚರನ್ನ, ಫೋಟೋದಾಂವನ್ನ ಕರ್ಕೊಂಡು ಬಂದು ಕ್ರಮದ ಪ್ರಕಾರ ಮಾಡೋಣು. ಗೋಡಿ ಎಲ್ಲಿಗೆ ಓಡಿ ಹೊಕ್ಕೈತಿ?”

ಈ ಮಾತು ನಾನೇ ಆಡಿದ್ದು. ಇಸವಿ ತಾರೀಖಿನ ಸಮೇತ ನನ್ನ ತಲೆಗೆ ಕಟ್ಟಬಹುದು.

* * *

ಕುರುಗೋಡಿನಲ್ಲಿ ದೊಡ್ಡಬಸವರಾಜನ ಬೀಜ-ಗೊಬ್ಬರದ ಅಂಗಡಿ ಮುಟ್ಟಿದಾಗ ಹನ್ನೆರಡು ಮುಕ್ಕಾಲು. ಹೋದಲ್ಲೆಲ್ಲ ವೇಳೆಯನ್ನು ಸಣ್ಣ ಪುಸ್ತಕದಲ್ಲಿ ಬರೆದಿಡುವುದು ನನ್ನ ಹಳೆಯ ರೂಢಿ. ಬರೆದೇ ಒಳಗೆ ಕಾಲಿಟ್ಟೆ.

ಆತ ಹಣೆತುಂಬ ವಿಭೂತಿ ಇಟ್ಟುಕೊಂಡು, ಇಸ್ತ್ರಿಯ ಬಿಳಿ ಅಂಗಿಯಲ್ಲಿ ದುಡ್ಡಿನ ಗಲ್ಲೆಯ ಹಿಂದೆ ಕೂತಿದ್ದ. ಅಣ್ಣ ಸತ್ತು ಇನ್ನೂ ತಿಂಗಳಾಗಿಲ್ಲ, ಮುಖ ಮಾತ್ರ ಉಂಡು ಮಲಗಿ ಎದ್ದವರ ಹಾಗೆ ತುಂಬಿಕೊಂಡಿತ್ತು. ನನಗೆ ನೋಡಿದ ಕೂಡಲೇ ಸಿಟ್ಟು ಬಂತು. ಅದು ತಪ್ಪು, ಗೊತ್ತು. ಆದರೂ ಬಂತು.

“ಬರ್ರಿ ಮೇಡಂ, ಕುಂದರ್ರಿ. ಮಜ್ಜಿಗಿ ಕುಡಿತೀರೇನು?”

“ಮಜ್ಜಿಗಿ ಬ್ಯಾಡ. ನಿಮ್ಮ ಬ್ಯಾಟ್ರಿ ನೋಡಬೇಕು.”

“ಯಾವ ಬ್ಯಾಟ್ರಿ?”

“ನಿಮ್ಮಣ್ಣಾರು ಕೊಟ್ಟಿದ್ದು. ಎಷ್ಟು ಬ್ಯಾಟ್ರಿ ಅದಾವ್ರಿ ನಿಮ್ಮತ್ರ?”

ಆತ ನಕ್ಕು, ಗಲ್ಲೆಯ ಖಾನೆ ಎಳೆದು, ಟಾರ್ಚು ತೆಗೆದು ನನ್ನ ಮುಂದಿಟ್ಟ. ಇಷ್ಟು ಸಲೀಸಾಗಿ ಕೊಡುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ. ಮೈಮೇಲಿನ ಕೆತ್ತನೆ ಓದಿದೆ. ಕೊನೆಯ ಅಂಕಿಗಳು 417.

“ಆಯುಧ ಪೂಜಿ ದಿನ ಮೊದಲು ನೀವಾ ತಗೊಂಡ್ರಂತ?”

“ಹೌದ್ರಿ. ನಾಲ್ಕೂ ಒಂದಾ ಥರ ಇದ್ವು. ಯಾವುದು ಯಾರ್ದು ಅಂತ ನಂಬರು ಓದಿ ತಗೊಳ್ಳಾಕ ಅದೇನು ಎಮ್ಮಿ ಏನ್ರಿ?”

“ಸಾವ್ಕಾರ್ರು ಸತ್ತ ದಿನ ಇದು ಎಲ್ಲಿತ್ತು?”

“ನನ್ನ ಕೈಯಾಗಂತೂ ಇರಲಿಲ್ಲ.” ಆತನ ದನಿ ಬದಲಾಗಲಿಲ್ಲ. “ಪೂಜಿ ಆದ ದಿನ ಊಟಕ್ಕ ಕುಂತಾಗ ಮಿಲ್ಲಿನ ಆಫೀಸಿನಾಗ ಮರತು ಬಂದೆ. ಅಣ್ಣ, ಇಲ್ಲೇ ಐತಿ, ಬಂದಾಗ ಒಯ್ಯಿ ಅಂದಿದ್ದ. ಮಣ್ಣು ಮಾಡಿ ಮೂರನೇ ದಿನಕ್ಕ ಜಂಬುನಾಥ ತಂದುಕೊಟ್ಟ.”

“ಇದಕ್ಕ ಸಾಕ್ಷಿ?”

“ಅಣ್ಣನ್ನ ಕೇಳಬೇಕಿತ್ತು. ಅಂವ ಇಲ್ಲ,” ಎಂದು ಆತ ಮೇಲೆ ನೋಡಿದ.

ಈ ಮೇಲೆ ನೋಡುವವರನ್ನು ನಾನು ಸರ್ವಿಸ್ಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಅರ್ಧದಷ್ಟು ಜನ ನಿಜವಾಗಿ ಅಳುತ್ತಿರುತ್ತಾರೆ. ಈತ ಯಾವ ಅರ್ಧಕ್ಕೆ ಸೇರಿದವನು ಎಂದು ನನಗೆ ತಿಳಿಯಲಿಲ್ಲ.

ಅಂಗಡಿಯ ಹಿಂದೆ ಬೀಜದ ಚೀಲಗಳ ಕೋಣೆಯಿತ್ತು. ಕಿಟಕಿಯಿಲ್ಲ. ಬಾಗಿಲು ಮುಚ್ಚಿಸಿ, ಗೋಡೆಗೆ ಟಾರ್ಚು ಹಿಡಿದು ಗುಂಡಿ ಒತ್ತಿದೆ.

ಬೆಳಕು ಹುಣ್ಣಿಮೆಯ ಚಂದ್ರನ ಹಾಗೆ ದುಂಡಗೆ, ಬೆಳ್ಳಗೆ ಬಿತ್ತು. ತೂತಿಲ್ಲ. ಹಸಿರು ಬಳೆಯಿಲ್ಲ. ಕಚ್ಚಿಲ್ಲ. ಹತ್ತಿರ ಹೋದೆ, ದೂರ ಬಂದೆ, ಕೈಯಲ್ಲಿ ತಿರುಗಿಸಿದೆ. ಒಂದು ಐಬೂ ಕಾಣಲಿಲ್ಲ.

“ನಾಲ್ಕಕ್ಕೂ ತೂತಿತ್ತಲ್ರಿ ದೊಡ್ಡಬಸವರಾಜ. ನಿಮ್ಮದರಾಗಿಂದು ಎಲ್ಲಿಗೆ ಹೋತು?”

“ಇತ್ತೇನು? ನಾ ನೋಡಿಲ್ಲ. ನನಗ ಕೊಟ್ಟಾಗ ಹಿಂಗಾ ಇತ್ತು.”

“ಇದರ ಮಾರಿ ಬಿಚ್ರಿ.”

“ಮುರದು ಗಿರದ್ರ?”

“ಬಿಚ್ರಿ ಅಂದೆ!”

ನನ್ನ ದನಿ ಕೋಣೆಯಲ್ಲಿ ದೊಡ್ಡದಾಗಿ ಕೇಳಿಸಿತು. ಆತ ಬಲ್ಬು ಹಾಕಿ, ಎರಡೂ ಕೈಯಿಂದ ಟಾರ್ಚಿನ ಗಾಜು ಕೂರಿಸಿದ ತಿರುಪನ್ನು ನಿಧಾನಕ್ಕೆ ತಿರುಗಿಸತೊಡಗಿದ. ನಾನು ಪುಸ್ತಕದಲ್ಲಿ ಬರೆದುಕೊಂಡೆ: ‘1.08. ಟಾರ್ಚು ಬಿಚ್ಚುತ್ತಿದ್ದಾನೆ. ಎರಡೂ ಕೈ ಕಾಣುತ್ತಿವೆ.’

ಗಾಜು ಬಂತು, ಕನ್ನಡಿ ಬಂತು. ನಾನು ಕನ್ನಡಕ ಏರಿಸಿ ಬಗ್ಗಿದೆ. ತಿರುಪಿನ ಸುತ್ತಿನಲ್ಲಿ ಮಿಲ್ಲಿನ ಭತ್ತದ ಧೂಳು ಕೂತಿತ್ತು, ಗೆರೆಗಳಲ್ಲಿ ಪೂಜೆಯ ಕುಂಕುಮ ಇನ್ನೂ ಉಳಿದಿತ್ತು. ಆದರೆ ನಟ್ಟನಡುವೆ, ಎಲ್‌ಇಡಿಯ ಸುತ್ತ, ಬಿಳಿ ಪ್ಲಾಸ್ಟಿಕ್ ಬಳೆ ಹಾಲಿನಷ್ಟು ಬೆಳ್ಳಗಿತ್ತು. ಕರಗಿಲ್ಲ, ಹಳದಿಯಾಗಿಲ್ಲ, ಸೊಟ್ಟಾಗಿಲ್ಲ. ಹಳೆಯ ಟಾರ್ಚಿನ ಹೊಟ್ಟೆಯೊಳಗೆ ಹೊಸ ಬಳೆ. ಅದರಡಿಗೆ ತೆಳುವಾದ ತಗಡಿನ ಚೂರಿಟ್ಟು ಎಲ್‌ಇಡಿಯನ್ನು ಕೂದಲೆಳೆಯಷ್ಟು ಎತ್ತಿದ್ದರು.

ಯಾರೋ ತಿಳಿದವರು, ಕೂತು, ತಾಳ್ಮೆಯಿಂದ ಆ ಐಬನ್ನು ಅಳಿಸಿದ್ದರು. ವಿಡಿಯೋದಲ್ಲಿನ ಕಚ್ಚು 417ರದು ಎಂದು ಈಗ ಈ ಟಾರ್ಚೂ ಹೇಳುವಂತಿರಲಿಲ್ಲ.

“ಮೇಡಂ,” ಎಂದ ಆತ ಮೆಲ್ಲಗೆ, “ಗೋಡಿ ಮ್ಯಾಲೆ ಬಿದ್ದ ಬೆಳಕು ಯಾವ ಬ್ಯಾಟ್ರಿದು ಅಂತ ಹೇಳಾಕ ಲೋಕದಾಗ ಯಾರ ಸಾಕ್ಷಿ ಐತ್ರಿ?”

ಗೋಡೆಯ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ನುಂಗಿಕೊಂಡೆ. ಈತನಿಗೆ ಗೋಡೆಯ ಸುದ್ದಿ ಗೊತ್ತಿಲ್ಲ, ಗೊತ್ತಾಗಲೂಬಾರದು.

“ಸಾಕ್ಷಿ ಎಲ್ಲಿರತೈತೋ ಅಲ್ಲಿರತೈತಿ. ಈ ಬ್ಯಾಟ್ರಿನ ಯಾರಿಗೂ ಕೊಡಬ್ಯಾಡ್ರಿ,” ಎಂದು ಎದ್ದೆ.

ಆತ ಬಾಗಿಲವರೆಗೂ ಬಂದು ಬೀಳ್ಕೊಟ್ಟ. “ತಿಪ್ಪೇಶ ಛಲೋ ಹುಡುಗ ಇದ್ದ ಮೇಡಂ. ಅಂವ ಮಾಡ್ಯಾನ ಅಂದ್ರ ನನಗೂ ನಂಬಿಕಿ ಬರವಲ್ದು,” ಎಂದ. ಹೇಳುವಾಗ ಆತನ ಕಣ್ಣಲ್ಲಿ ನೀರು ಬಂತು. ಇದು ನನ್ನನ್ನು ಇನ್ನಷ್ಟು ಗೊಂದಲಕ್ಕೆ ಹಾಕಿತು.

ಬಳ್ಳಾರಿಗೆ ಬರುವ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅದನ್ನೇ ಯೋಚಿಸಿದೆ. ಟಾರ್ಚು ಹೋಗಲಿ. ಗೋಡೆ ಇದೆಯಲ್ಲ! ಆಗಸ್ಟ್ ತಿಂಗಳ ತಾರೀಖು ಹಾಕಿ, ಯಾರ ಸಾವಿಗೂ ಮೊದಲೇ, ಯಾರ ಹಂಗೂ ಇಲ್ಲದವನು ಗೀಚಿದ ಗೋಡೆ. ವಕೀಲರಿಗೆ ಫೋನು ಮಾಡಿ ಐದು ಗಂಟೆಗೆ ಬರಹೇಳಿದೆ. ಪಂಚರಿಗೆ ಇಬ್ಬರನ್ನು ಗೊತ್ತು ಮಾಡಿದೆ.

* * *

ಲಾಲಸಾಬ್‌ನ ಅಂಗಡಿಯ ಮುಂದೆ ಇಳಿದಾಗ ಎರಡೂವರೆ. ಅವನು ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಿದ್ದ. ತಲೆಯ ಮೇಲೆ ನಮಾಜಿನ ಟೋಪಿ ಹಾಗೇ ಇತ್ತು. ಪಕ್ಕದಲ್ಲಿ ಅವನ ಹೆಂಡತಿ ಮಾಬುಬೀ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು.

“ಏನಾತು?”

ಕರಿ ಬಟ್ಟೆ ಸರಿಸಿ ಒಳಗೆ ಹೋದೆ.

ಗೋಡೆ ಒದ್ದೆಯಾಗಿತ್ತು. ಎಡಮೂಲೆಯಿಂದ ನಡುವಿನವರೆಗೆ ಸುಣ್ಣ ಕಲಸಿಕೊಂಡು ನೆಲಕ್ಕೆ ಇಳಿಯುತ್ತಿತ್ತು, ಅಲ್ಲಲ್ಲಿ ಕೆಳಗಿನ ಮಣ್ಣೇ ಕಾಣುತ್ತಿತ್ತು. ನಾಲ್ಕು ಉಂಗುರಗಳೂ ಇರಲಿಲ್ಲ. ಗೋಡೆಯ ಬುಡದಲ್ಲಿ ಗಂಗಕ್ಕ ಕೂತಿದ್ದಳು. ಕೈಯಲ್ಲಿ ಒದ್ದೆ ಗೋಣಿತಟ್ಟು, ಮೊಣಕೈವರೆಗೂ ಸುಣ್ಣ. ತಿಕ್ಕಿ ತಿಕ್ಕಿ ಬೆರಳುಗಳು ಕೆಂಪಾಗಿದ್ದವು.

“ನಾ ಜುಮ್ಮಾ ನಮಾಜಿಗೆ ಹೋಗಿದ್ದೆ ಅಕ್ಕಾರ,” ಎಂದ ಲಾಲಸಾಬ್ ಹಿಂದಿನಿಂದ. “ಮಾಬುಬೀ ಅಡಿಗಿ ಮನಿಯಾಗ ಇದ್ಲು. ಈಕಿ ಒಬ್ಬಾಕಿನ…”

“ಏನ್ ಮಾಡಿದಿ ಗಂಗವ್ವಾ! ಏನ್ ಮಾಡಿಬಿಟ್ಟಿ!”

ನಾನು ಕೂಗಿದ್ದಕ್ಕೆ ಅವಳು ಹೆದರಲಿಲ್ಲ. ತಮ್ಮನನ್ನು ಹೊಳೆಯಿಂದ ಎಳೆದು ದಡಕ್ಕೆ ಹಾಕಿದವಳ ಹಾಗೆ ಸಮಾಧಾನದಿಂದ ನೋಡಿದಳು.

“ಅದು ಇದ್ರ ನನ್ನ ತಮ್ಮಗ ಗಲ್ಲು ಆಕ್ಕಿತ್ರಿ ಅಮ್ಮಾರ. ಗೋಡಿ ಮ್ಯಾಲೂ 417, ನಮ್ಮ ಡಬ್ಬಿ ಮ್ಯಾಲೂ 417. ನಮ್ಮ ಬ್ಯಾಟ್ರೀನ ಅಂತ ಗೊತ್ತಾದ್ರ ಬಿಡ್ತಾರೇನ್ರಿ? ಈಗ ಇಲ್ಲ ನೋಡ್ರಿ. ಒಂದೂ ಇಲ್ಲ.”

ಅವಳ ಪಕ್ಕದಲ್ಲೇ, ಆ ಒದ್ದೆ ನೆಲದ ಮೇಲೆ ಕೂತೆ. ಪಂಚನಾಮೆಯ ಹಾಳೆ ತೆಗೆದು 412 ಇರುವ ಕಡೆ ಅವಳ ಬೆರಳನ್ನು ಹಿಡಿದು ಇಟ್ಟೆ.

“ಇದು ತಿಪ್ಪೇಶನ ಕೈಯಾಗ ಸಿಕ್ಕ ಬ್ಯಾಟ್ರಿ ನಂಬರು. ಓದು.”

“ನಾಕು… ಒಂದು… ಎಲ್ಡು.”

“ಕಚ್ಚು ಇದ್ದದ್ದು ಯಾವುದಕ್ಕ?”

ಅವಳು ಬರಿದಾದ ಗೋಡೆ ನೋಡಿದಳು. ಹಾಳೆ ನೋಡಿದಳು. ಅರ್ಥವಾಗಲು ಬಹಳ ಹೊತ್ತು ಹಿಡಿಯಲಿಲ್ಲ. ಗೋಣಿತಟ್ಟು ಅವಳ ಕೈಯಿಂದ ಜಾರಿತು.

“ನೀವು ಹೇಳಲಿಲ್ಲಲ್ರಿ ಅಮ್ಮಾರ,” ಎಂದಳು. “ನಾ ಕೇಳಿದ್ನೆಲ್ರಿ. ನೀವು ಹೇಳಲಿಲ್ಲ.”

ಹೌದು. ಕೇಳಿದ್ದಳು. ಹೇಳಲು ಎರಡು ನಿಮಿಷ ಸಾಕಿತ್ತು. ಸುಮ್ಮನೆ ಕೂರು ಎಂದು ಗದರಿ ಹೋದವಳು ನಾನು. ಫೋಟೋ ಬೇಡ ಎಂದವಳೂ ನಾನೇ. ಅವಳು ಎದೆ ಎದೆ ಬಡಿದುಕೊಳ್ಳತೊಡಗಿದಾಗ ನಾನು ಅವಳ ಕೈಗಳನ್ನು ಹಿಡಿದುಕೊಂಡೆ. ನನಗೂ ಅಳು ಬಂತು, ತಡೆಯಲಿಲ್ಲ.

“ನಾ ಮತ್ತ ಗೀಚಲೇನ್ರಿ?” ಎಂದ ಲಾಲಸಾಬ್. “ನನಗ ನೆಪ್ಪೈತಿ.”

“ಈಗ ಗೀಚಿದ್ರ ಅದು ಬರೇ ಚಿತ್ರ ಲಾಲಸಾಬ್. ಸಾಕ್ಷಿ ಅಲ್ಲ.”

ಆಗ ನನಗೆ ಒಂದು ಮಾತು ತಟ್ಟಿತು. ಬೆಳಿಗ್ಗೆ ಗಂಗಕ್ಕ ಹೆದರಿದ್ದಳು, ನಿಜ. ಆದರೆ ನಾನು ಕೂರು ಎಂದ ಕಡೆ, ಲಾಲಸಾಬ್ ನಮಾಜಿಗೆ ಹೋಗುವತನಕ ಎರಡು ತಾಸು ಸುಮ್ಮನೆ ಕೂತಿದ್ದಳು. ಗೋಡೆ ತಿಕ್ಕುವ ಯೋಚನೆ ಅವಳಿಗೆ ಒಮ್ಮೆಲೇ ಬಂದದ್ದಲ್ಲ.

“ಗಂಗವ್ವಾ, ಗೋಡಿ ಅಳಿಸು ಅಂತ ನಿನಗ ಯಾರು ಹೇಳಿದ್ರು?”

“ಫೋನು ಬಂತ್ರಿ. ಗಂಡಸು ದನಿ. ಭಾಳ ಸಣ್ಣಗ ಮಾತಾಡಿದ್ರು. ವಕೀಲರ ಕಡಿಯಾಂವ ಅಂದ್ರು. ಬ್ಯಾಟ್ರಿ ಅಂಗಡಿ ಗೋಡಿ ಮ್ಯಾಲೆ ನಿನ್ನ ತಮ್ಮನ ಬ್ಯಾಟ್ರಿ ನಂಬರು ಐತಿ, ಅದನ್ನ ಅಳಿಸು, ಡಬ್ಬಿ ಇದ್ರ ಸುಟ್ಟುಬಿಡು, ಇಲ್ಲಾಂದ್ರ ಅಂವ ಹೊರಗ ಬರಂಗಿಲ್ಲ ಅಂದ್ರು.”

ಅವಳ ಗುಂಡಿ ಫೋನು ಇಸಿದುಕೊಂಡೆ. ತಿಪ್ಪೇಶ ಅವಳಿಗಾಗಿ ಕೆಲವು ಹೆಸರು ತುಂಬಿಕೊಟ್ಟಿದ್ದ. ಓದಲು ಬಾರದ ಅವಳು ಯಾವುದು ಬಂದರೂ ಹಸಿರು ಗುಂಡಿ ಒತ್ತುತ್ತಾಳೆ. ಕೊನೆಗೆ ಬಂದ ಕರೆಯ ಮೇಲೆ ಹೆಸರಿತ್ತು: ‘ಮಿಲ್ ಸಾವ್ಕಾರ್’. ನಂಬರು ತೆಗೆದು ಎರಡು ಸಲ ನೋಡಿದೆ. ಆ ಹತ್ತು ಅಂಕಿ ನನಗೆ ಬಾಯಿಪಾಠವಾಗಿತ್ತು. ಚಿದಾನಂದಪ್ಪನವರ ಜೇಬಿನಿಂದ ಕಾಣೆಯಾಗಿ ಇಪ್ಪತ್ತೊಂದು ದಿನವಾದ ಫೋನು ಅದು.

ವೇಳೆ ನೋಡಿದೆ. ಒಂದು ಗಂಟೆ ಎಂಟು ನಿಮಿಷ.

ನನ್ನ ಪುಸ್ತಕ ತೆಗೆದೆ. ‘1.08. ಟಾರ್ಚು ಬಿಚ್ಚುತ್ತಿದ್ದಾನೆ. ಎರಡೂ ಕೈ ಕಾಣುತ್ತಿವೆ.’ ಕುರುಗೋಡಿನ ಆ ಕೋಣೆಯಲ್ಲಿ, ನನ್ನ ಕಣ್ಣೆದುರಿಗೆ, ದೊಡ್ಡಬಸವರಾಜ. ಇಡೀ ದಾರಿ ನಾನು ಯಾರ ಮೇಲೆ ಹಲ್ಲು ಕಡಿದಿದ್ದೆನೋ ಅವನು ಈ ಕರೆ ಮಾಡಿಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ. ಈ ಗೋಡೆಯ ಮುಂದೆ ನಿಂತು ರಂಗೋಲಿ ಎಂದು ನಕ್ಕವನು, 417ನ್ನು ಅವನಿಗೆ ತಂದುಕೊಟ್ಟವನು ಇನ್ನೊಬ್ಬನಿದ್ದ.

ಅಷ್ಟರಲ್ಲಿ ನನ್ನ ಕೈಯಲ್ಲೇ ಆ ಫೋನು ಹೊಡೆದುಕೊಂಡಿತು. ಮತ್ತೆ ಅದೇ ಹೆಸರು.

ಗಂಗಕ್ಕನಿಗೆ ಸುಮ್ಮನಿರು ಎಂದು ಸನ್ನೆ ಮಾಡಿ, ಹಸಿರು ಗುಂಡಿ ಒತ್ತಿ ಕಿವಿಗೆ ಹಿಡಿದೆ.

“ಗೋಡಿ ಆತಲ್ಲ ಅಕ್ಕಾ?” ಪಿಸುಮಾತು. “ಡಬ್ಬಿ ಏನ್ ಮಾಡಿದಿ?”

ಡಬ್ಬಿ ನನ್ನ ಚೀಲದಲ್ಲಿತ್ತು. ಆದರೆ ನಾನು ಆ ಮಾತನ್ನು ಕೇಳುತ್ತಿರಲಿಲ್ಲ. ಅದರ ಹಿಂದಿನದನ್ನು ಕೇಳುತ್ತಿದ್ದೆ. ಹೊರಗೆ ಓಣಿಯಲ್ಲಿ ಬೆಳಗಿನ ಆ ಆಟೋ ಮತ್ತೆ ಬಂದಿತ್ತು.

“ಬರ್ರಿ ಬರ್ರಿ, ಬಳ್ಳಾರಿ ಜೀನ್ಸು, ಒಗದ್ರ ಬಣ್ಣ ಬಿಡಂಗಿಲ್ಲ…”

ಒಂದು ಕಿವಿಗೆ ಅದು ಬಾಗಿಲಿನಿಂದ ಕೇಳಿಸುತ್ತಿತ್ತು. ಇನ್ನೊಂದು ಕಿವಿಗೆ, ಫೋನಿನೊಳಗಿಂದ.